ಮೈಕ್ ಕೊಡುವ ಮುನ್ನ ವಿಚಾರಿಸಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಮಡಿಕೆಯೊಳಗೆ ಒಂದು ಹಳದಿ ಕರಪತ್ರ ಬಂದಿತ್ತು. ಅದು ನೀವು ಅಚ್ಚು ಹಾಕಿದ್ದಲ್ಲ, ಪೇಪರ್ ಹಂಚುವವರು ಒಳಗಿಟ್ಟು ಕಳಿಸಿದ್ದು ಅಂತ ಗೊತ್ತು. ಆದರೆ ಓದಿದವರು ನಿಮ್ಮ ಓದುಗರೇ ಅಲ್ವಾ, ಅದಕ್ಕೇ ಉತ್ತರವನ್ನೂ ನಿಮಗೇ ಬರೆಯುತ್ತಿದ್ದೇನೆ. ಮೂರು ದಿನದ ಬಿಡುಗಡೆಯ ಕೂಟವಂತೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮಕ್ಕಳಾಗದಿರುವುದು, ಸಾಲ, ಕೋರ್ಟ್ ಕೇಸು, ಮನೆತನದ ಶಾಪ, ಎಲ್ಲಕ್ಕೂ ಪರಿಹಾರ ಖಚಿತವಂತೆ. ಅಭಿಷೇಕದ ಎಣ್ಣೆ ಸ್ಥಳದಲ್ಲೇ ಸಿಗುತ್ತದೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಮೇಲೆ ಶಿಲುಬೆಯ ಚಿತ್ರ, ಯೇಸುಸ್ವಾಮಿಯ ಹೆಸರು.

ನಾನು ಬೆಟಗೇರಿಯವನು. ಹುಟ್ಟಿನಿಂದ ಕ್ರೈಸ್ತ, ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಿರಿಯರಲ್ಲಿ ಒಬ್ಬ. ಆ ಹೆಸರಿಟ್ಟುಕೊಂಡು ಹೀಗೆ ವ್ಯಾಪಾರ ನಡೆಯುವುದನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ. ಹೊರಗಿನವರು ನಮ್ಮ ಬಗ್ಗೆ ಏನಾದರೂ ಅಂದರೆ ನಮ್ಮ ಜನ ಒಟ್ಟಾಗಿ ಎದ್ದು ನಿಲ್ಲುತ್ತಾರೆ. ಒಳಗಿನಿಂದಲೇ ಸುಳ್ಳು ಬೋಧನೆ ಬಂದರೆ ಮಾತ್ರ, ದೇವರ ಸೇವಕರ ಬಗ್ಗೆ ಮಾತಾಡಬಾರದು, ಪಾಪ ಬರುತ್ತದೆ ಅಂತ ಬಾಯಿ ಮುಚ್ಚಿಕೊಳ್ಳುತ್ತೇವೆ. ಇದು ತಪ್ಪು. ಬೋಧಕನನ್ನು ಪ್ರಶ್ನೆ ಮಾಡುವುದು ಅವಿಶ್ವಾಸ ಅಲ್ಲ, ಅದು ಸಭೆಗೆ ಕೊಟ್ಟ ಕೆಲಸ. ಕೊಟ್ಟದ್ದು ಸತ್ಯವೇದ, ಅಂದರೆ ಬೈಬಲ್.

ನಮ್ಮ ಓಣಿಯಲ್ಲಿ ಒಬ್ಬ ತಾಯಿ ಇದ್ದಾರೆ, ಹೆಸರು ಬೇಡ. ಮೊದಲು ಮನೆಯಲ್ಲಿ ಕೈಮಗ್ಗ ಇತ್ತು, ಈಗ ಇಲ್ಲ. ಸಕ್ಕರೆ ಕಾಯಿಲೆ ಬಹಳ ವರ್ಷದ್ದು, ದಿನಾ ಇನ್ಸುಲಿನ್ ತಗೊಳ್ಳುತ್ತಿದ್ದರು. ಇಂಥದೇ ಒಂದು ಕೂಟಕ್ಕೆ ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಆರಾಧನೆಗೆ ಬರುವುದು ಕಡಿಮೆಯಾಯಿತು. ಮಾತಾಡಿಸಿಕೊಂಡು ಬರೋಣ ಅಂತ ಹೋದೆ. ಅಡುಗೆಮನೆಯ ಮಾಡದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಇತ್ತು. ಅದರ ಮೇಲೆ ಬೋಧಕನ ಫೋಟೋ, ಫೋಟೋ ಕೆಳಗೆ ಯೆಶಾಯನ ಒಂದು ವಚನ, ವಚನದ ಕೆಳಗೆ ದುಡ್ಡು ಕಳಿಸುವ ಕ್ಯೂಆರ್ ಕೋಡ್. ಬೆಲೆ 300 ರೂಪಾಯಿ. ಒಳಗಿದ್ದದ್ದು ಕೊಬ್ಬರಿ ಎಣ್ಣೆ, ಚಳಿಗೆ ಅರ್ಧ ಬೆಳ್ಳಗೆ ಗಟ್ಟಿಯಾಗಿತ್ತು. ಇನ್ಸುಲಿನ್ ಎಲ್ಲಿ ಅಂತ ಕೇಳಿದೆ. "ಬಿಟ್ಟೀನ್ರೀ ಅಣ್ಣಾರ. ಸೂಜಿ, ಗುಳಿಗಿ ತಗೊಂಡ್ರ ದೇವರ ಮ್ಯಾಲೆ ನಂಬಿಕಿ ಇಲ್ಲ ಅಂದಂಗ ಆಕ್ಕೈತಿ ಅಂತ ಹೇಳ್ಯಾರ್ರಿ" ಅಂದರು. ಕಾಲಿನ ಹೆಬ್ಬೆರಳಿಗೆ ಗಾಯ ಆಗಿತ್ತು. ಅದಕ್ಕೂ ಅದೇ ಎಣ್ಣೆ ಹಚ್ಚುತ್ತಿದ್ದರು.

ಮಗಳನ್ನು ಕರೆಸಿ, ಅತ್ತು ಕರೆದು, ಆಸ್ಪತ್ರೆಗೆ ಕರೆದೊಯ್ದೆವು. ಬೆರಳು ತೆಗೆಯಬೇಕಾಯಿತು, ಕಾಲು ಉಳಿಯಿತು. ಮನೆಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ನನ್ನ ವಿಶ್ವಾಸ ಕಡಿಮಿ ಬಿತ್ತೇನ್ರೀ?"

ನನಗೆ ಬೆರಳು ಹೋದದ್ದಕ್ಕಿಂತ ಆ ಪ್ರಶ್ನೆ ಜಾಸ್ತಿ ನೋವು ಕೊಟ್ಟಿತು. ಈ ಬೋಧನೆಯ ಕ್ರೂರತನ ಇರುವುದು ಅಲ್ಲೇ. ವಾಸಿಯಾದರೆ ಬೋಧಕನ ಅಭಿಷೇಕ, ಆಗದಿದ್ದರೆ ರೋಗಿಯ ಅವಿಶ್ವಾಸ. ಬೋಧಕ ಯಾವತ್ತೂ ಸೋಲುವುದಿಲ್ಲ. ಹಾಸಿಗೆ ಹಿಡಿದವರೇ ಕೊನೆಗೆ ಅಪರಾಧಿ ಆಗಿ ದೇವರ ಮುಂದೆ ತಲೆ ತಗ್ಗಿಸಬೇಕು.

ಇದು ಸತ್ಯವೇದದಲ್ಲಿ ಎಲ್ಲಿದೆ? ಅಪೊಸ್ತಲ ಪೌಲನ ಜೊತೆ ಸೇವೆ ಮಾಡುತ್ತಿದ್ದ ತಿಮೊಥೆಗೆ ಹೊಟ್ಟೆಯ ತೊಂದರೆ ಇತ್ತು, ಪದೇ ಪದೇ ಹುಷಾರು ತಪ್ಪುತ್ತಿದ್ದ. ಪೌಲನು ಅವನಿಗೆ ನಿನ್ನ ವಿಶ್ವಾಸ ಸಾಲದು ಅಂತ ಬರೆಯಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ತ್ರೊಫಿಮ ಎಂಬ ಜೊತೆಗಾರನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು. ಪೌಲನಿಗೇ ಶರೀರದಲ್ಲಿ ಒಂದು ಮುಳ್ಳು ಇತ್ತು, ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಪ್ರವಾದಿ ಎಲೀಷನು ಅಷ್ಟೊಂದು ಅದ್ಭುತ ಮಾಡಿದವನು, ತಾನು ಸತ್ತದ್ದು ರೋಗದಿಂದ. ಲೂಕನು ವೈದ್ಯ, ಪ್ರಿಯ ವೈದ್ಯ ಅಂತಲೇ ಪೌಲ ಅವನನ್ನು ಕರೆಯುತ್ತಾನೆ. ಕ್ಷೇಮದಿಂದಿರುವವರಿಗೆ ವೈದ್ಯ ಬೇಕಿಲ್ಲ, ಕಾಯಿಲೆಯವರಿಗೆ ಬೇಕು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಮತ್ತೆ ಇವರು ಯಾವ ವೇದ ಓದುತ್ತಿದ್ದಾರೆ?

ನಾನು ಸ್ವಸ್ಥತೆಯ ಪ್ರಾರ್ಥನೆಗೆ ವಿರೋಧಿ ಅಲ್ಲ. ದೇವರು ವಾಸಿ ಮಾಡುತ್ತಾರೆ, ನಂಬುತ್ತೇನೆ, ಪ್ರಾರ್ಥಿಸುತ್ತೇನೆ. ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಎಣ್ಣೆಯ ಮಾತೂ ಇದೆ. ಆದರೆ ಅಲ್ಲಿ ಹೇಗಿದೆ ನೋಡಿ: ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಬಂದು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಹಿರಿಯರು ರೋಗಿಯ ಮನೆಗೆ ಬರಬೇಕು. ರೋಗಿ ಕುಂಟುತ್ತಾ ಬಸ್ಸು ಹತ್ತಿ, ದುಡ್ಡು ಕಟ್ಟಿಕೊಂಡು, ಪೆಂಡಾಲಿನಲ್ಲಿ ಸಾಲು ನಿಲ್ಲುವ ಮಾತೇ ಅಲ್ಲಿಲ್ಲ.

ನಮ್ಮ ಭಾಗಕ್ಕೆ ಸುವಾರ್ತೆ, ಅಂದರೆ ಯೇಸುಸ್ವಾಮಿಯ ಸಂದೇಶ, ಬಂದ ದಾರಿಯನ್ನೂ ನೆನೆಯಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ಹೋದಲ್ಲೆಲ್ಲ ಶಾಲೆ ತೆರೆದರು, ಓದು ಕಲಿಸಿದರು. ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದರು, ಇವತ್ತಿಗೂ ಗದಗಿನವರು ಅದನ್ನು ಜರ್ಮನ್ ಆಸ್ಪತ್ರೆ ಅಂತಲೇ ಕರೆಯುವುದು. ಯಾವ ಜಾತಿ, ಯಾವ ಧರ್ಮ ಅಂತ ಇಲ್ಲದೆ ಸುತ್ತಲಿನ ಹಳ್ಳಿಯವರೆಲ್ಲ ಅಲ್ಲಿಗೆ ಬಂದಿದ್ದಾರೆ. ಅಲ್ಲಿ ಪ್ರಾರ್ಥನೆಯೂ ಇತ್ತು, ಔಷಧಿಯೂ ಇತ್ತು, ಎರಡೂ ಜಗಳ ಆಡಲಿಲ್ಲ. ಅಂಥ ಊರಲ್ಲಿ ನಿಂತು, ಸೂಜಿ ಚುಚ್ಚಿಸಿಕೊಂಡರೆ ಪಾಪ ಅಂತ ಒಬ್ಬ ಹೇಳುತ್ತಾನೆ, ನಾವು ಆಮೆನ್ ಅನ್ನುತ್ತೇವೆ.

ಆದರೆ ಅಲ್ಲಿ ನಿಜವಾಗಲೂ ವಾಸಿಯಾಗಿದೆಯಲ್ಲ, ಸಾಕ್ಷಿ ಹೇಳಿದ್ದಾರಲ್ಲ ಅಂತ ಕೆಲವರು ಕೇಳುತ್ತಾರೆ. ಆಗಿರಬಹುದು. ಸತ್ಯವೇದದ ಧರ್ಮೋಪದೇಶಕಾಂಡದ ಹದಿಮೂರನೇ ಅಧ್ಯಾಯ ತೆಗೆದು ಓದಿ. ಒಬ್ಬ ಪ್ರವಾದಿ ಎದ್ದು ಗುರುತು ಕೊಟ್ಟು, ಆ ಗುರುತು ನಡೆದರೂ ಸಹ, ಅವನು ನಿಮ್ಮನ್ನು ದೇವರಿಂದ ಬೇರೆ ಕಡೆ ಎಳೆಯುವುದಾದರೆ ಅವನ ಮಾತು ಕೇಳಬೇಡಿ ಅಂತ ಅಲ್ಲಿದೆ. ಗುರುತು ನಡೆದರೂ! ಹದಿನೆಂಟನೇ ಅಧ್ಯಾಯದಲ್ಲಿ ಇನ್ನೊಂದು ಪರೀಕ್ಷೆ: ಕರ್ತನ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ. ಹೀಗೆ ಎರಡೂ ಕಡೆ ಬೇಲಿ ಇದೆ. ಅದ್ಭುತ ಆಯ್ತು ಅಂದ ಮಾತ್ರಕ್ಕೆ ಬೋಧನೆ ಸರಿ ಅಂತ ಆಗುವುದಿಲ್ಲ.

ಬೆರೋಯ ಎಂಬ ಊರಿನವರ ವಿಷಯ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಅಪೊಸ್ತಲರ ಕೃತ್ಯಗಳು ಹದಿನೇಳು, ಹನ್ನೊಂದನೇ ವಚನ. ಬಂದ ಬೋಧಕ ಯಾರು? ಸಾಕ್ಷಾತ್ ಪೌಲ. ಅವನು ಹೇಳಿದ್ದು ಹೌದೋ ಅಲ್ಲವೋ ಅಂತ ಅವರು ದಿನಾಲೂ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಪೌಲ ಸಿಟ್ಟಾದನೇ? ಇಲ್ಲ, ಅವರನ್ನು ಒಳ್ಳೆಯ ಗುಣದವರು ಅಂತ ಬರೆದಿಟ್ಟಿದೆ. ಪೌಲನ ಮಾತನ್ನೇ ತೂಗಿ ನೋಡಬಹುದಾದರೆ, ಹೊಸ ಕಾರಿನಲ್ಲಿ ಬಂದಿಳಿದ ಈಗಿನ ಯಾವ ಪ್ರವಾದಿಯ ಮಾತನ್ನೂ ತೂಗಬಹುದು. ನಮ್ಮ ಹತ್ತಿರ ಕನ್ನಡದಲ್ಲಿ ಸತ್ಯವೇದ ಬಂದು ಎರಡು ಶತಮಾನ ಆಗುತ್ತಾ ಬಂತು. ಓದಲು ಬರುವುದಿಲ್ಲ ಎಂಬ ನೆಪ ಈಗ ಯಾರಿಗಿದೆ, ಫೋನಿನಲ್ಲಿ ಓದಿ ಹೇಳುವ ಸತ್ಯವೇದವೂ ಇದೆ.

ಇದೇನು ಇವತ್ತಿನ ಕಾಯಿಲೆ ಅಲ್ಲ. ಎಫೆಸ ಪಟ್ಟಣದ ಸಭೆಯ ಹಿರಿಯರಿಗೆ ಪೌಲನು ಕಣ್ಣೀರಿಟ್ಟು ಹೇಳಿ ಹೋದ: ನಾನು ಹೋದ ಮೇಲೆ ಕ್ರೂರವಾದ ತೋಳಗಳು ಬರುತ್ತವೆ, ನಿಮ್ಮೊಳಗಿಂದಲೇ ಕೆಲವರು ಎದ್ದು ತಿರುಚಿದ ಮಾತಾಡುತ್ತಾರೆ. ಮುಂದೆ ಹಾಗೇ ಆಯಿತು. ಕ್ರಿ.ಶ. 144ರ ಸುಮಾರಿಗೆ ರೋಮಿನಲ್ಲಿ ಮಾರ್ಸಿಯನ್ ಎಂಬವನಿದ್ದ, ಕಪ್ಪು ಸಮುದ್ರದ ತೀರದ ಊರಿನಿಂದ ಬಂದ ಹಡಗಿನ ವ್ಯಾಪಾರಿ, ಸಿರಿವಂತ. ಸಭೆಗೆ ಎರಡು ಲಕ್ಷ ನಾಣ್ಯ ಕಾಣಿಕೆ ಕೊಟ್ಟಿದ್ದನಂತೆ. ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂತ ಬೋಧಿಸಲು ಶುರು ಮಾಡಿದ. ರೋಮಿನ ಹಿರಿಯರು ಅವನನ್ನು ಹೊರಗೆ ಹಾಕಿದರು, ಜೊತೆಗೆ ಅವನ ದುಡ್ಡನ್ನೂ ಅವನಿಗೇ ವಾಪಸ್ ಕೊಟ್ಟು ಕಳಿಸಿದರು. ಈ ಕೊನೆಯ ಮಾತನ್ನು ನಮ್ಮ ಸಭೆಗಳ ಖಜಾಂಚಿಗಳೆಲ್ಲ ಓದಬೇಕು. ಕಾಂಪೌಂಡ್ ಗೋಡೆ ಕಟ್ಟಿಸಿಕೊಡುತ್ತೇನೆ, ಸೌಂಡ್ ಸಿಸ್ಟಮ್ ಕೊಡಿಸುತ್ತೇನೆ ಅಂತ ಒಬ್ಬರು ಬಂದರೆ, ಅವರು ಏನು ಬೋಧಿಸಿದರೂ ನಾವು ಕಣ್ಣು ಮುಚ್ಚಿಕೊಳ್ಳುತ್ತೇವಲ್ಲ, ಆಗ ನಾವು ಸಭೆಯನ್ನೇ ಅವರ ಕೈಗೆ ಕೊಟ್ಟಂತೆ.

ಆಮೇಲೆ ಅರಿಯಸ್. ಅಲೆಕ್ಸಾಂಡ್ರಿಯದ ಸಭಾ ಹಿರಿಯ, ಒಳ್ಳೆಯ ಮಾತುಗಾರ. ಮಗನಾದ ಕ್ರಿಸ್ತನೂ ಸೃಷ್ಟಿಯೇ, ಅವನು ಇಲ್ಲದಿದ್ದ ಕಾಲ ಒಂದಿತ್ತು ಎಂದು ಹೇಳುತ್ತಿದ್ದ. ಅದನ್ನು ಹಬ್ಬಿಸಿದ್ದು ಹೇಗೆ ಗೊತ್ತಾ? ಹಾಡು ಕಟ್ಟಿ. ಹಡಗಿನವರು, ಹಿಟ್ಟು ಬೀಸುವವರು ಹಾಡುವಂಥ ಹಾಡು ಬರೆದನಂತೆ. ಜನ ಕೆಲಸ ಮಾಡುತ್ತಾ ಗುನುಗುತ್ತಿದ್ದರು, ಬೋಧನೆ ತಾನಾಗಿ ಮನೆಯೊಳಗೆ ಹೋಯಿತು. 325ರಲ್ಲಿ ನೈಸಿಯದಲ್ಲಿ ಬಿಷಪರೆಲ್ಲ ಕೂಡಿ ಅದನ್ನು ತಪ್ಪು ಅಂತ ತೀರ್ಮಾನಿಸಿ ವಿಶ್ವಾಸ ಪ್ರಮಾಣ ಬರೆದರು. 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಆ ಪ್ರಮಾಣವನ್ನೇ ತನ್ನದು ಅಂತ ಒಪ್ಪಿಕೊಂಡಿತು. ಕರ್ತನ ಭೋಜನದ ಭಾನುವಾರ ನಾವು ಎದ್ದು ನಿಂತು ಹೇಳುವ ಆ ಮಾತುಗಳ ಹಿಂದೆ ಅಷ್ಟು ದೊಡ್ಡ ಹೋರಾಟ ಇದೆ. ನಮ್ಮ ಯುವಜನರಿಗೆ ಇದನ್ನು ಯಾರೂ ಹೇಳಿಲ್ಲ. ಅವರು ಫೋನಿನಲ್ಲಿ ಬಂದ ಹಾಡನ್ನು ಶನಿವಾರ ಕಲಿತು ಭಾನುವಾರ ಕೀಬೋರ್ಡ್ ಜೊತೆ ಹಾಡುತ್ತಾರೆ. ರಾಗ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಹಾಡುವ ಮುಂಚೆ ಸಾಲುಗಳನ್ನು ಒಮ್ಮೆ ಓದಿ ನೋಡಿ ಅಂತಷ್ಟೇ ಕೇಳುವುದು. ಕೆಲವು ಹಾಡುಗಳಲ್ಲಿ ಶಿಲುಬೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ, ನನ್ನ ಶತ್ರು ಬಿದ್ದ, ನನಗೆ ಬಡ್ತಿ ಬಂತು ಎಂಬುದಷ್ಟೇ ಇದೆ.

ಕೆಟ್ಟ ಬೋಧನೆ ಎಲ್ಲಿವರೆಗೆ ಹೋಗಬಹುದು ಅನ್ನುವುದಕ್ಕೆ ಕೆನ್ಯಾ ದೇಶದ ಶಕಹೋಲ ಕಾಡು ಸಾಕು. ಉಪವಾಸ ಬಿದ್ದು ಸತ್ತರೆ ಯೇಸುವನ್ನು ಬೇಗ ನೋಡಬಹುದು ಅಂತ ಬೋಧಿಸಿದ ಆರೋಪ ಒಬ್ಬ ಪಾಸ್ಟರ್ ಮೇಲೆ ಇದೆ. 2023ರಿಂದ ಅಲ್ಲಿ ನೆಲ ಅಗೆದು ತೆಗೆದ ಶವಗಳು 400ಕ್ಕೂ ಜಾಸ್ತಿ, ಮಕ್ಕಳೂ ಸೇರಿ. ಅಲ್ಲಿ ಸತ್ತವರೂ ನಮ್ಮ ಹಾಗೆ ಸತ್ಯವೇದ ಕೈಯಲ್ಲಿ ಹಿಡಿದವರೇ.

ಜನ ಯಾಕೆ ಹೋಗುತ್ತಾರೆ ಅನ್ನುವುದನ್ನೂ ಮಾತಾಡಬೇಕು. ಹೋಗುವವರನ್ನು ಬೈದು ಪ್ರಯೋಜನವಿಲ್ಲ. ಅವರ ಕಷ್ಟ ನಿಜ. ಸಂಘದ ಸಾಲ, ಕುಡಿಯುವ ಗಂಡ, ಕೆಲಸ ಸಿಗದ ಮಗ. ಆ ಕೂಟದಲ್ಲಿ ಒಬ್ಬರು ಹೆಸರು ಕೇಳುತ್ತಾರೆ, ತಲೆ ಮೇಲೆ ಕೈ ಇಡುತ್ತಾರೆ, ಅಳಲು ಬಿಡುತ್ತಾರೆ. ನಮ್ಮಲ್ಲಿ ಆರಾಧನೆ ಮುಗಿದ ಕೂಡಲೇ ಗೇಟಿನ ಹತ್ತಿರ ಚುನಾವಣೆ ಮಾತು, ಆಸ್ತಿ ಮಾತು. ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಕಡೆ ಒಬ್ಬರೇ ಅಯ್ಯನವರು (ಪಾಸ್ಟರು) ನಾಲ್ಕೈದು ಸಭೆ ನೋಡಿಕೊಳ್ಳಬೇಕು, ಮನೆ ಮನೆಗೆ ಹೋಗಲು ಅವರಿಗೆ ದಿನವೇ ಸಾಲದು. ದೃಢೀಕರಣದ, ಅಂದರೆ ಸಭೆಯ ಮುಂದೆ ತಮ್ಮ ವಿಶ್ವಾಸ ಒಪ್ಪಿಕೊಳ್ಳುವ, ಮಕ್ಕಳಿಗೆ ಮೊದಲು ತಿಂಗಳುಗಟ್ಟಲೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಿದ್ದರು, ಅರ್ಥ ಬಿಡಿಸಿ ಹೇಳುತ್ತಿದ್ದರು. ಈಗ ಅದೂ ಬಿಳಿ ಬಟ್ಟೆ, ಫೋಟೋ, ಊಟದಲ್ಲಿ ಮುಗಿಯುತ್ತಿದೆ. ಹೀಗೆ ನಾವು ಖಾಲಿ ಬಿಟ್ಟ ಜಾಗಕ್ಕೇ ಅವರು ಬಂದು ಕೂತಿದ್ದಾರೆ.

ಹಾಗಂತ ನಮಗೆ ಹಿಡಿಸದ್ದಕ್ಕೆಲ್ಲ ಸುಳ್ಳು ಬೋಧನೆ ಅಂತ ಹಣೆಪಟ್ಟಿ ಹಚ್ಚಬಾರದು. ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೋ ನೀರು ಚಿಮುಕಿಸುತ್ತಾರೋ, ಚಪ್ಪಾಳೆ ತಟ್ಟುತ್ತಾರೋ ಸುಮ್ನೆ ಕೂರುತ್ತಾರೋ, ಅದರಲ್ಲಿ ಒಳ್ಳೆಯ ವಿಶ್ವಾಸಿಗಳು ಬೇರೆ ಬೇರೆ ಅಭಿಪ್ರಾಯದವರಿದ್ದಾರೆ. ಹುಬ್ಬಳ್ಳಿಯ ಕೆಲವು ಪೆಂತೆಕೊಸ್ತ ಸಭೆಗಳ ಪಾಸ್ಟರುಗಳು ಈ ಎಣ್ಣೆ ವ್ಯಾಪಾರವನ್ನು ನನಗಿಂತ ಗಟ್ಟಿಯಾಗಿ ಖಂಡಿಸುವುದನ್ನು ಕೇಳಿದ್ದೇನೆ. ಗಲಾತ್ಯದವರಿಗೆ ಪೌಲ ಅಷ್ಟು ಕಟುವಾಗಿ ಬರೆದದ್ದು ಬೇರೆ ಸುವಾರ್ತೆ ಸಾರಿದವರ ಬಗ್ಗೆ. ಕ್ರಿಸ್ತ ಯಾರು, ರಕ್ಷಣೆ ಹೇಗೆ, ಕೃಪೆಗೆ ಬೆಲೆ ಇದೆಯೇ? ಈ ವಿಷಯಗಳಲ್ಲಿ ಬಿಟ್ಟುಕೊಡುವ ಹಾಗಿಲ್ಲ.

ತಪ್ಪು ಹೇಳಿದವರೆಲ್ಲ ತೋಳವೂ ಅಲ್ಲ. ಅಪೊಲ್ಲೋಸ ಎಂಬವನು ಎಫೆಸದಲ್ಲಿ ಬಹಳ ಚೆನ್ನಾಗಿ ಮಾತಾಡುತ್ತಿದ್ದ, ಆದರೆ ಅವನಿಗೆ ಅರ್ಧವೇ ಗೊತ್ತಿತ್ತು. ಪ್ರಿಸ್ಕಿಲ್ಲ, ಅಕ್ವಿಲ ಎಂಬ ಗಂಡಹೆಂಡತಿ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಸರಿಯಾಗಿ ಬಿಡಿಸಿ ಹೇಳಿದರು. ಅವರು ಬಿಷಪರಲ್ಲ, ಡೇರೆ ಮಾಡುವ ಕಸುಬಿನವರು. ಬೆಟಗೇರಿಯ ನೇಕಾರ ಮನೆಯವರೂ ಇದನ್ನು ಮಾಡಬಹುದು ಅಂತ ನನಗೆ ಈ ಭಾಗ ಓದಿದಾಗೆಲ್ಲ ಅನಿಸುತ್ತದೆ. ನಮ್ಮಲ್ಲಿ ಆಗುವುದೇನು? ಎದುರಿಗೆ ಕೈಮುಗಿದು, ಹಿಂದೆ ವಾಟ್ಸಾಪ್ ಗುಂಪಿನಲ್ಲಿ ಮಾನ ಕಳೆಯುವುದು. ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಅಂತ ಮತ್ತಾಯ ಹದಿನೆಂಟರಲ್ಲಿ ಇದೆ. ಆ ಕ್ರಮ ಬಿಡಬಾರದು. ನಾನೂ ಈ ಪತ್ರದಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆ ಬೋಧಕರಿಗೆ ಫೋನ್ ಮಾಡಿದ್ದೇನೆ, ಬಂದು ಮಾತಾಡಿ ಅಂದಿದ್ದೇನೆ, ಇನ್ನೂ ಬಂದಿಲ್ಲ.

ಹೆಣ್ಣು ಕೊಡುವಾಗ ಏಳೂರು ವಿಚಾರಿಸುವವರು ನಾವು, ಪ್ರಸಂಗ ಪೀಠಕ್ಕೆ ಮಾತ್ರ ಯಾರು ಬಂದರೂ ಮೈಕ್ ಕೊಡುತ್ತೇವೆ. ಇದು ನಿಲ್ಲಬೇಕು. ಬರುವವರು ಯಾವ ಸಭೆಯವರು, ಅಲ್ಲಿನ ಹಿರಿಯರಿಂದ ಪತ್ರ ಇದೆಯಾ, ತಪ್ಪು ಮಾಡಿದರೆ ಅವರನ್ನು ಕೇಳುವವರು ಯಾರು, ಬಂದ ಕಾಣಿಕೆಯ ಲೆಕ್ಕ ಯಾರ ಕೈಯಲ್ಲಿ? ಇಷ್ಟು ಕೇಳಲು ನಾಚಿಕೆ ಏಕೆ? ಪೌಲನೇ ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಒಬ್ಬನೇ ಹೊರಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ, ಯಾರೂ ಬೊಟ್ಟು ಮಾಡಬಾರದು ಅಂತ. ಕೊರಿಂಥದವರಿಗೆ ಅವನು ಬರೆದ ಎರಡನೇ ಪತ್ರಿಕೆಯಲ್ಲಿ ಓದಬಹುದು. ಲೆಕ್ಕ ಕೇಳಿದರೆ ಶಾಪ ತಟ್ಟುತ್ತದೆ ಅನ್ನುವ ಬೋಧಕನಿಗೆ ಪೌಲನಿಗಿಂತ ಜಾಸ್ತಿ ಗೌರವ ಕೊಡುವ ಅಗತ್ಯ ಇಲ್ಲ.

ಮನೆಕೂಟಗಳಲ್ಲಿ ಅಲ್ಲೊಂದು ಇಲ್ಲೊಂದು ವಚನ ಕಿತ್ತು ಓದುವ ಬದಲು ಒಂದೊಂದು ಪುಸ್ತಕ ಮೊದಲಿಂದ ಕೊನೆವರೆಗೆ ಓದಿ. ನಮ್ಮ ಸ್ತ್ರೀಯರ ಕೂಟದಲ್ಲಿ ಈಗ ಗಲಾತ್ಯ ಶುರುವಾಗಿದೆ. ಓದಿದ ಮೇಲೆ ಪ್ರಶ್ನೆ ಕೇಳಲು ಹೇಳುತ್ತೇವೆ, ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಈಗ ಆ ತಾಯಿಯೇ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳುತ್ತಾರೆ. ಕೆಲವಕ್ಕೆ ನಮ್ಮ ಅಯ್ಯನವರೂ ಮುಂದಿನ ವಾರ ಓದಿಕೊಂಡು ಬಂದು ಹೇಳುತ್ತೇನೆ ಅನ್ನಬೇಕಾಗುತ್ತದೆ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಮಂತ್ರ, ತಾಯಿತ, ಪವಾಡದಿಂದ ರೋಗ ವಾಸಿ ಮಾಡುತ್ತೇವೆ ಎಂಬ ಜಾಹೀರಾತುಗಳನ್ನು ತಡೆಯುವ ಕಾಯ್ದೆ ನಮ್ಮ ದೇಶದಲ್ಲಿ 1954ರಿಂದ ಇದೆ. ಅದರ ರೋಗಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ, ಕ್ಯಾನ್ಸರೂ ಇದೆ. ಯಾವ ಧರ್ಮದವರು ಅಚ್ಚು ಹಾಕಿಸಿದರೂ ಇಂಥ ಚೀಟಿಯನ್ನು ಪತ್ರಿಕೆಯೊಳಗೆ ಇಡಬೇಡಿ ಅಂತ ನಿಮ್ಮ ಏಜೆಂಟರಿಗೆ ತಿಳಿಸಿ. ಪೊಲೀಸರ ಕೆಲಸ ಪೊಲೀಸರು ಮಾಡಲಿ. ಯಾರ ಬೋಧನೆ ಸರಿ ಅಂತ ಅವರು ನೋಡಲಾರರು, ನೋಡಲೂಬಾರದು. ಅದನ್ನು ಸಭೆಯೇ ನೋಡಿಕೊಳ್ಳಬೇಕು.

ಇದನ್ನು ಓದುವವರಲ್ಲಿ ಯಾರಾದರೂ ಪ್ರವಾದಿಯ ಮಾತು ಕೇಳಿ ಇನ್ಸುಲಿನ್, ಬಿಪಿ ಗುಳಿಗೆ, ಮೂರ್ಛೆರೋಗದ ಗುಳಿಗೆ ಬಿಟ್ಟಿದ್ದರೆ, ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಬಿಟ್ಟ ದಿನದಿಂದ ಏನಾಯ್ತು ಅಂತ ಮುಚ್ಚಿಡದೆ ಹೇಳಿ. ಒಬ್ಬರೇ ಹೋಗಲು ಅಂಜಿಕೆ ಅನಿಸಿದರೆ ನಿಮ್ಮ ಸಭೆಯ ಹಿರಿಯರನ್ನು ಕರೆಯಿರಿ. ಗದಗ-ಬೆಟಗೇರಿಯವರಾದರೆ ನಾವೇ ಬರುತ್ತೇವೆ, ಆಸ್ಪತ್ರೆಯ ಸಾಲಿನಲ್ಲಿ ನಿಮ್ಮ ಜೊತೆ ಕೂತು ಪ್ರಾರ್ಥಿಸುತ್ತೇವೆ. ದುಡ್ಡು ಬೇಡ.

ಇಂತಿ,
ಒಬ್ಬ ಸಭಾ ಹಿರಿಯ
ಬೆಟಗೇರಿ, ಗದಗ